ಕೂಳೆ ಯಾರದು?

ಪೈರಿನ ದಂಟು ಒಂದೇ ಆದರೂ ಫ್ರಾನ್ಸಿನ ರೈತರು ಅದಕ್ಕೆ ಹಲವು ಹೆಸರಿಟ್ಟಿದ್ದರು. ತೆನೆಯ ಜೊತೆ ಕೊಯ್ದು ಕಣಕ್ಕೆ ತಂದ ಹುಲ್ಲು ‘ಪಾಯ್’. ಹೊಲದಲ್ಲೇ ನಿಂತ ಕೂಳೆ ‘ಶೋಮ್’. ತೂರುವಾಗ ಹಾರುವ ಹೊಟ್ಟು ‘ಮನ್ಯೂ ಪಾಯ್’. ಸೂರು ಹೊದಿಸಲು, ಸಿವುಡು ಕಟ್ಟಲು ಆರಿಸಿಟ್ಟ ರೈ ಧಾನ್ಯದ ಉದ್ದನೆಯ ಹುಲ್ಲು ‘ಗ್ಲುಯಿ’. ಇವನ್ನು ಇಂಗ್ಲಿಷಿಗೆ ತರುವವರಿಗೆ ಥಟ್ಟನೆ ಹೊಳೆಯುವ ಪದ ‘ಸ್ಟ್ರಾ’. ಪಾಯ್ ಮತ್ತು ಶೋಮ್ ಎರಡಕ್ಕೂ ಅದನ್ನೇ ಬಳಸಿದರೆ ಬಡವರ ಒಂದು ಹಕ್ಕೇ ಪುಟದಿಂದ ಅಳಿಸಿಹೋಗುತ್ತದೆ ಎಂಬುದು ನನ್ನ ವಾದ.

ಇತಿಹಾಸಕಾರ ಮಾರ್ಕ್ ಬ್ಲೋಕ್ ಫ್ರೆಂಚ್ ಗ್ರಾಮೀಣ ಇತಿಹಾಸದ ಬಗ್ಗೆ 1931ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿದರೆ ಕೂಳೆಯ ಬೆಲೆ ತಿಳಿಯುತ್ತದೆ. ಬೇಲಿಯಿಲ್ಲದ ಬಯಲುಸೀಮೆಯಲ್ಲಿ ಪೈರು ಎತ್ತಿದ ಮೇಲೆ ಹೊಲ ಊರಿಗೆಲ್ಲ ತೆರೆದುಕೊಳ್ಳುತ್ತಿತ್ತು. ಊರ ದನಕುರಿ ಅಲ್ಲಿ ಮೇಯುತ್ತಿದ್ದವು. ಕುಡುಗೋಲಿನಿಂದ ಮೇಲೆಮೇಲೆ ಕೊಯ್ಯುತ್ತಿದ್ದುದರಿಂದ ಕೂಳೆ ಎತ್ತರವಾಗಿಯೇ ಉಳಿಯುತ್ತಿತ್ತು. ಎಷ್ಟೋ ಊರುಗಳಲ್ಲಿ ಅದನ್ನು ಕಿತ್ತು ಸೂರಿಗೆ ಹೊದಿಸಲು, ಕೊಟ್ಟಿಗೆಗೆ ಹಾಸಲು ಬಡವರಿಗೆ ರೂಢಿಯ ಹಕ್ಕಿತ್ತು. ಹುಲ್ಲುಸೂರಿನ ಮನೆಯನ್ನು ‘ಶೋಮ್ಯೇರ್’ ಎನ್ನುವುದು ಈ ಶೋಮ್‌ನಿಂದಲೇ. ಹಕ್ಕಲಾಯುವ ಹಕ್ಕು ಇದರ ಒಡಹುಟ್ಟು. ಎರಡನೇ ಆನ್ರಿ ದೊರೆಯ 1554ರ ಆಜ್ಞೆ ಅದನ್ನು ಮುದುಕರಿಗೆ, ಅಶಕ್ತರಿಗೆ, ಚಿಕ್ಕ ಮಕ್ಕಳಿಗೆ ಮೀಸಲಿಟ್ಟಿತ್ತು.

ಹದಿನೆಂಟನೇ ಶತಮಾನದಲ್ಲಿ ಗೋಧಿ ಹೊಲಕ್ಕೆ ಉದ್ದ ಹಿಡಿಯ ದೊಡ್ಡ ಕುಡುಗೋಲು ಕಾಲಿಟ್ಟಿತು. ಅದು ಬುಡದಲ್ಲೇ ಸವರುತ್ತದೆ. ನಿನ್ನೆಯವರೆಗೆ ಊರಿನದಾಗಿದ್ದ ಒಂದು ಮೊಳ ದಂಟು ಹೊಲದೊಡೆಯನ ಪಾಲಾಯಿತು. ಗೋಧಿಗೆ ಈ ಸಾಧನ ಬಳಸಬಾರದೆಂದು ಕೆಲವೆಡೆ ನ್ಯಾಯಾಲಯಗಳು ತಡೆಯೊಡ್ಡಿದ್ದು ಇದೇ ಕಾರಣಕ್ಕೆ. ಹುಲ್ಲಿಗೂ ಕೂಳೆಗೂ ನಡುವಿನ ಗೆರೆಯನ್ನು ಗಿಡ ಎಳೆಯಲಿಲ್ಲ. ಅಲಗು ತಾಗಿದ ಎತ್ತರ ಎಳೆಯಿತು. ಆ ಎತ್ತರಕ್ಕಾಗಿಯೇ ಜನ ಜಗಳವಾಡಿದರು.

ಅನುವಾದ ಸರಾಗವಾಗಿ ಓದಿಸಿಕೊಳ್ಳಬೇಕು, ಪ್ರತಿ ದಂಟಿಗೂ ಅಡಿಟಿಪ್ಪಣಿ ಹಾಕಲಾಗದು ಎನ್ನುವವರಿದ್ದಾರೆ. ಆ ಮಾತಿನಲ್ಲಿ ನ್ಯಾಯವಿದೆ. ಕಥೆಯೊಂದರಲ್ಲಿ ಹುಡುಗ ಹುಲ್ಲಿನ ಮೇಲೆ ಮಲಗಿದರೆ ‘ಸ್ಟ್ರಾ’ ಸಾಕು. ಆದರೆ ಗೇಣಿಪತ್ರ, ಊರ ಕಟ್ಟಳೆ, ನ್ಯಾಯಾಲಯದ ತೀರ್ಪುಗಳಲ್ಲಿ ಆ ಪದ ಬಂದರೆ ಅಲ್ಲಿ ಆಸ್ತಿಯ ಪ್ರಶ್ನೆ ಇರುತ್ತದೆ. ಇಂಗ್ಲಿಷಿನಲ್ಲಿ ಕೂಳೆಗೆ ‘ಸ್ಟಬಲ್’ ಇದೆ, ಹೊಟ್ಟಿಗೆ ‘ಚ್ಯಾಫ್’ ಇದೆ. ಕೊರತೆ ಭಾಷೆಯದಲ್ಲ, ಗಮನದ್ದು.

ಹಾಗಾದರೆ ಅನುವಾದಕರು ನಿಘಂಟು ತೆರೆಯುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಸ್ಪಷ್ಟ: ಇದನ್ನು ಯಾವ ಸಾಧನದಿಂದ ಕೊಯ್ದರು? ಕೊಯ್ದ ಮೇಲೆ ಯಾರು ಒಯ್ದರು? ಭೂಮಿಯಿಲ್ಲದವರು ಬರಹ ಬಿಟ್ಟುಹೋಗಲಿಲ್ಲ. ಅವರ ಬದುಕು ಇಂಥ ಕಾಗದಪತ್ರಗಳ ಒಂದೊಂದು ಪದದಲ್ಲಿ ಮಾತ್ರ ಉಳಿದಿದೆ. ಅವರ ಪಾಲನ್ನು ಒಡೆಯನ ಪಾಲಿನೊಳಗೆ ಬೆರೆಸದೆ ದಾಟಿಸುವುದು ಅನುವಾದಕರ ಹೊಣೆ.