ಸಸ್ಪೆನ್ಸ್ ಖಾತೆಯಲ್ಲೊಂದು ಸದ್ದು

2020ರ ಮೇ 20ರಂದು ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಬೆಂಗಳೂರಿನ ಆಕಾಶದಲ್ಲಿ ಭಾರೀ ಸದ್ದೊಂದು ಕೇಳಿಸಿತು. ಕಿಟಕಿ ಬಾಗಿಲುಗಳು ಅದುರಿದವು. ಲಾಕ್‌ಡೌನ್ ಕಾಲ ಬೇರೆ, ಊರು ಮೊದಲೇ ಹೆದರಿ ಕೂತಿತ್ತು. ಇಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ನಾನು ನಿದ್ದೆಯಿಂದ ಏಳುವಷ್ಟರಲ್ಲಿ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ತೀರ್ಪುಗಳೆಲ್ಲ ಬಂದಾಗಿದ್ದವು: ಭೂಕಂಪ, ಶತ್ರುಗಳ ಕೈವಾಡ, ಕಲಿಯುಗದ ಕೊನೆ. ‘ಏನೋ ಗೊತ್ತಾಗಲಿಲ್ಲ’ ಎಂದು ಬರೆದವರು ಸೋದರತ್ತೆ ಒಬ್ಬರೇ. ಅವರಿಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ಭೂಕಂಪನ ಮಾಪಕಗಳಲ್ಲಿ ಏನೂ ದಾಖಲಾಗಿರಲಿಲ್ಲ. ಸಂಜೆ ರಕ್ಷಣಾ ಇಲಾಖೆಯ ಹೇಳಿಕೆ ಬಂತು. ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಿತ್ತು. 36,000ದಿಂದ 40,000 ಅಡಿ ಎತ್ತರದಲ್ಲಿ ವೇಗ ತಗ್ಗಿಸುವಾಗ ಈ ಸ್ಫೋಟದಂಥ ಸದ್ದು ಬಂದಿರಬಹುದು. ವಿಮಾನ 65-80 ಕಿಲೋಮೀಟರ್ ದೂರದಲ್ಲಿದ್ದರೂ ಅದು ಕೇಳಿಸಬಲ್ಲದು. ಗುಂಪಿನಲ್ಲಿ ಎಲ್ಲರೂ ಇದನ್ನು ಫಾರ್ವರ್ಡ್ ಮಾಡಿದರು. ಬೆಳಗಿನ ತೀರ್ಪನ್ನು ಮಾತ್ರ ಒಬ್ಬರೂ ವಾಪಸ್ ತೆಗೆದುಕೊಳ್ಳಲಿಲ್ಲ.

ನನ್ನ ಕಸುಬು ಲೆಕ್ಕ. ಯಾವ ಬಾಬ್ತು ಎಂದು ಗೊತ್ತಾಗದ ಮೊತ್ತವೊಂದು ಬ್ಯಾಂಕಿಗೆ ಬಂದರೆ ನಾವು ಅದನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಬಂದದ್ದು ನಿಜ, ತಾರೀಖು ನಿಜ, ಮೊತ್ತ ನಿಜ. ಯಾಕೆ ಬಂತು ಎಂಬುದು ಮಾತ್ರ ತಿಳಿಯದು. ಆಗ ಎರಡು ಕೆಲಸ ಮಾಡಕೂಡದು. ಬಂದೇ ಇಲ್ಲ ಎಂದು ಅಳಿಸಕೂಡದು. ಲೆಕ್ಕ ತಾಳೆಯಾಗಲಿ ಎಂದು ಕೈಗೆ ಸಿಕ್ಕ ಬಾಬ್ತಿಗೆ ತುರುಕಕೂಡದು. ಎರಡೂ ಸುಳ್ಳು ಲೆಕ್ಕವೇ. ಆಕಾಶದ ಸದ್ದಿನ ವಿಷಯದಲ್ಲಿ ‘ನಿನ್ನ ಭ್ರಮೆ ಬಿಡು’ ಎನ್ನುವ ವಿಚಾರವಾದಿ ಮೊದಲನೆಯದನ್ನು ಮಾಡುತ್ತಾನೆ, ‘ದೇವರ ಎಚ್ಚರಿಕೆ’ ಎನ್ನುವ ಭಕ್ತ ಎರಡನೆಯದನ್ನು. ಇಬ್ಬರಿಗೂ ಮಾರ್ಚ್ 31ರೊಳಗೆ ಪುಸ್ತಕ ಮುಚ್ಚುವ ಆತುರ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಕಣ್ಣಿನ ಬಗ್ಗೆ ಹೇಳಿದರು. ಕಿವಿಯ ಪಾಡು ಇನ್ನೂ ಕಷ್ಟ. ಕಂಡದ್ದನ್ನು ಇನ್ನೊಮ್ಮೆ ನೋಡಬಹುದು. ಸದ್ದು ಕೇಳಿದ ಕ್ಷಣಕ್ಕೇ ಮುಗಿದುಹೋಗುತ್ತದೆ. ಉಳಿಯುವುದು ಕೇಳಿದವರ ಮಾತು ಮಾತ್ರ. ಹಾಗಾಗಿ ಇದು ಬರೀ ವಿಜ್ಞಾನದ ಪ್ರಶ್ನೆಯಲ್ಲ, ಯಾರ ಮಾತನ್ನು ಪುಸ್ತಕಕ್ಕೆ ಹತ್ತಿಸುತ್ತೇವೆ ಎಂಬ ನ್ಯಾಯದ ಪ್ರಶ್ನೆಯೂ ಹೌದು.

ನಾನಿರುವ ಜಾಗದಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ಹೋದರೆ ಮೂಡಸ್ ಎಂಬ ಹಳ್ಳಿ ಸಿಗುತ್ತದೆ. ಇಲ್ಲಿನ ಮೂಲನಿವಾಸಿಗಳು ಆ ಪ್ರದೇಶವನ್ನು ಮ್ಯಾಕಿಮೂಡಸ್ ಎನ್ನುತ್ತಿದ್ದರು, ಅಂದರೆ ಕೆಟ್ಟ ಸದ್ದಿನ ಜಾಗ. ಅಲ್ಲಿ ಫಿರಂಗಿ ಹಾರಿದಂತೆ, ದೂರದಲ್ಲಿ ಗುಡುಗಿದಂತೆ ಶಬ್ದ ಬರುತ್ತಿತ್ತು. ದೇವರ ಸಿಟ್ಟು ಎಂದು ಅವರು ನಂಬಿದ್ದರು; ಆಮೇಲೆ ಬಂದು ನೆಲೆಸಿದ ಇಂಗ್ಲಿಷರು ಸೈತಾನನ ಹೆಸರು ಹೇಳಿದರು. ಸ್ಟೀಫನ್ ಹೋಸ್ಮರ್ ಎಂಬ ಸ್ಥಳೀಯ ಪಾದ್ರಿ ಮಾತ್ರ 1729ರಲ್ಲಿ ಬಾಸ್ಟನ್ನಿಗೆ ಬರೆದ ಕಾಗದದಲ್ಲಿ, ತಾನು ಎಷ್ಟು ನಿಮಿಷದಲ್ಲಿ ಎಷ್ಟು ಸದ್ದು ಕೇಳಿದೆ ಎಂದು ಎಣಿಸಿಟ್ಟ. ಪಾದ್ರಿಯಾಗಿದ್ದೂ ಲೆಕ್ಕಿಗನ ಕೆಲಸ ಮಾಡಿದ ಆತನ ಮೇಲೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನ.

ಕೊನೆಗೆ 1980ರ ದಶಕದಲ್ಲಿ ಮಾಪಕಗಳನ್ನಿಟ್ಟು ನೋಡಿದಾಗ ಗುಟ್ಟು ಸಿಕ್ಕಿತು. ಸದ್ದು ಬರುತ್ತಿದ್ದುದು ಮೇಲಿಂದಲ್ಲ, ಕಾಲ ಕೆಳಗಿನಿಂದ. ನೆಲದಡಿ ಬಹಳ ಮೇಲುಮಟ್ಟದಲ್ಲೇ ನಡೆಯುವ ಪುಟಾಣಿ ಭೂಕಂಪನಗಳು. ನೆಲದ ಅದುರಾಟ ಗಾಳಿಗೆ ದಾಟಿದಾಗ ಗುಡುಗಾಗುತ್ತದೆ. ಎರಡೂವರೆ ಶತಮಾನ ಆ ಬಾಬ್ತು ತೆರೆದೇ ಇತ್ತು. ಊರಿನವರದೆಲ್ಲ ಭ್ರಮೆ ಎಂದು ಯಾರಾದರೂ ಅಳಿಸಿಹಾಕಿದ್ದರೆ ಅಲ್ಲಿಗೆ ಮಾಪಕ ಹೊತ್ತು ಹೋಗುತ್ತಿದ್ದವರು ಯಾರು? ಈಗ ಅಲ್ಲಿನ ಹೈಸ್ಕೂಲಿನ ಆಟದ ತಂಡಗಳಿಗೆ ‘ನಾಯ್ಸಸ್’ ಎಂದೇ ಹೆಸರು.

ಹಾಗೆಂದು ಮೂಡಸ್‌ನ ಉತ್ತರವನ್ನು ಎಲ್ಲ ಕಡೆಗೂ ಹಚ್ಚಲಾಗದು. ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದ ಮೇಲೆ ಕೇಳಿಸುವ ಗುಂಡಿನ ಸದ್ದಿನ ಬಗ್ಗೆ ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರ್ 1850ರಲ್ಲೇ ಕಥೆ ಬರೆದ. ಇಂದಿನ ಬಾಂಗ್ಲಾದೇಶದ ಬಾರಿಸಾಲ್‌ನಲ್ಲಿ ಕೇಳುತ್ತಿದ್ದ ಸದ್ದಿಗೆ ‘ಬಾರಿಸಾಲ್ ಗನ್ಸ್’ ಎಂದೇ ಹೆಸರಾಯಿತು. ಚಾರ್ಲ್ಸ್ ಡಾರ್ವಿನ್ನರ ಮಗ ಜಾರ್ಜ್ ಡಾರ್ವಿನ್ 1895ರಲ್ಲಿ ‘ನೇಚರ್’ ಪತ್ರಿಕೆಯ ಓದುಗರ ಮುಂದೆ ಆ ವಿಷಯ ಇಟ್ಟರು. ಬಾರಿಸಾಲಿನ ಬೆಸ್ತರೂ ರೈತರೂ ಕೇಳಿದ್ದ ಸದ್ದು ಲಂಡನ್ನಿನ ಪತ್ರಿಕೆ ಸೇರಲು ದೊಡ್ಡವರ ಕಿವಿಯೂ ಬೇಕಾಯಿತು. ಈ ಎರಡು ಸಾಲುಗಳ ಮುಂದೆ ಎಲ್ಲರೂ ಒಪ್ಪುವ ಕಾರಣವನ್ನು ಇವತ್ತಿಗೂ ಯಾರೂ ಬರೆದಿಲ್ಲ.

ಇನ್ನೊಂದು ತೊಡಕಿದೆ. ಸದ್ದು ಏನೆಂದು ಗೊತ್ತಾದ ಮಾತ್ರಕ್ಕೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ತಂಗಿಯ ರಥ ಹೊಡೆಯುತ್ತಿದ್ದ ಕಂಸನಿಗೆ ಕೇಳಿದ ಅಶರೀರವಾಣಿ ಸುಳ್ಳೇನೂ ಆಗಿರಲಿಲ್ಲ. ಕೂಸುಗಳನ್ನು ಕೊಲ್ಲು ಎಂದು ಅದು ಹೇಳಿರಲೂ ಇಲ್ಲ. ಆ ಭಾಗವನ್ನು ಕಂಸ ತಾನೇ ಸೇರಿಸಿಕೊಂಡ.

ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಇದು ಪುರಾಣವಲ್ಲ. ನೆಲದೊಳಗಿಂದ ಸದ್ದು ಬರುತ್ತಿದೆ ಎಂದು ಅಲ್ಲಿನ ಜನ ವರ್ಷಗಳಿಂದ ಹೇಳುತ್ತಿದ್ದರು. 2021ರ ಅಕ್ಟೋಬರಿನಲ್ಲಿ ಮೇಲಿಂದ ಮೇಲೆ ನೆಲ ನಡುಗಿತು, ತೀವ್ರತೆ 4ರ ಆಸುಪಾಸಿಗೂ ಹೋಯಿತು. ಆಗ ಸುದ್ದಿಯಾಯಿತು, ತಜ್ಞರು ಬಂದರು. ‘ಸಣ್ಣ ಕಂಪನ, ಹೆದರಬೇಡಿ’ ಎನ್ನುವುದು ವಿಜ್ಞಾನದ ಲೆಕ್ಕದಲ್ಲಿ ಸರಿಯೇ ಇರಬಹುದು. ಆದರೆ ಆ ಮಾತನ್ನು ಕೇಳಿಸಿಕೊಳ್ಳುವವರ ತಲೆಯ ಮೇಲಿರುವುದು ಕಲ್ಲಿನ ಗೋಡೆ, ಹಳೆಯ ಮಾಳಿಗೆ. ಕನೆಕ್ಟಿಕಟ್‌ನ ಮರದ ಮನೆಯಲ್ಲಿ ಕೂತು ಮೂಡಸ್‌ನ ಸದ್ದಿಗೆ ಬೆರಗಾಗುವುದು ಸುಲಭ. ಗಡಿಕೇಶ್ವಾರದವರು ಮಕ್ಕಳನ್ನು ಕಟ್ಟಿಕೊಂಡು ಬಯಲಲ್ಲಿ ಮಲಗಿದರು. ಕೆಲವರು ಊರನ್ನೇ ಬಿಟ್ಟರು.