'ಸಾರಿ' ಎಂದರೆ ಸಾಕೇ?



ಇಂಗ್ಲಿಷ್ ಬಾರದವರ ಮನೆಯಲ್ಲೂ ಬಳಕೆಯಲ್ಲಿರುವ ಇಂಗ್ಲಿಷ್ ಪದ 'ಸಾರಿ'. ಬಸ್ಸಿನಲ್ಲಿ ಕಾಲು ತುಳಿದರೆ ಸಾರಿ ಎನ್ನುತ್ತೇವೆ. ಫೋನಿನಲ್ಲಿ ಮಾತು ಕೇಳಿಸದಿದ್ದರೂ "ಸಾರಿ?" ಎನ್ನುತ್ತೇವೆ; ಅದು ಕ್ಷಮೆಯಲ್ಲ, 'ಇನ್ನೊಮ್ಮೆ ಹೇಳಿ' ಎಂಬ ಕೋರಿಕೆ. ಸಾಲ ಕೇಳಿ ಬಂದವರಿಗೆ ಸಾರಿ ಎಂದರೆ 'ಕೊಡುವುದಿಲ್ಲ' ಎಂದರ್ಥ. ಇಂಗ್ಲಿಷರು ಸಾವಿನ ಮನೆಯಲ್ಲೂ ಇದೇ ಪದ ಆಡುತ್ತಾರೆ. ತಪ್ಪು ಮಾಡಿದ್ದಕ್ಕಲ್ಲ, 'ನಿಮ್ಮ ದುಃಖ ನನಗೂ ತಟ್ಟಿದೆ' ಎಂದು ತಿಳಿಸಲು.

ಹಳೆಯ ಇಂಗ್ಲಿಷಿನಲ್ಲಿ ಈ ಪದ ಹುಟ್ಟಿದ್ದು ನೋವು, ಗಾಯ ಎಂಬ ಅರ್ಥದ ಮಾತಿನಿಂದ. ಮೂಲದಲ್ಲಿ 'ಸಾರಿ' ಎಂದರೆ 'ನನ್ನ ಮನಸ್ಸು ನೊಂದಿದೆ' ಎಂದು. ನೋವಿಲ್ಲದೆ ಆಡಿದರೆ ಅದು ಬರೀ ಸದ್ದು.

ಒಂದು ಮನೆಯ ಸಂಗತಿ ಕೇಳಿ. ಶಾಲೆಯ ಫೀಸಿಗೆಂದು ಇಟ್ಟಿದ್ದ ಹಣ ಕಾಣಲಿಲ್ಲ. ಅಪ್ಪ ಹತ್ತು ವರ್ಷದ ಮಗನನ್ನು ನೆರೆಯವರ ಎದುರಿಗೇ ಕಳ್ಳನೆಂದು ಬೈದು ಹೊಡೆದರು. ಸಂಜೆ ಆ ಹಣ ಅವರದೇ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಪತ್ರಿಕೆಯಿಂದ ತಲೆ ಎತ್ತದೆ "ಸಾರಿ ಕಣೋ" ಎಂದರು. ಹುಡುಗ ಊಟಕ್ಕೆ ಏಳಲಿಲ್ಲ.

"ಸಾರಿ ಹೇಳಿದೆನಲ್ಲ, ಇನ್ನೇನು ಬೇಕಂತೆ ಅವನಿಗೆ?" ಎಂದು ಹೆಂಡತಿಯ ಮೇಲೆ ರೇಗಿದರು.

ಆಕೆ ಮೆಲ್ಲಗೆ, "ಹೇಳಿದಿರಿ ರೀ, ಕೇಳಲಿಲ್ಲವಲ್ಲ" ಎಂದರು.

ಪ್ರಿಯರೇ, ಆ ತಾಯಿಯ ಮಾತಿನಲ್ಲಿ ದೊಡ್ಡ ಸತ್ಯವಿದೆ. ಸಾರಿ 'ಹೇಳುತ್ತೇವೆ', ಕ್ಷಮೆ 'ಕೇಳುತ್ತೇವೆ'. ಹೇಳಿದವನ ಕೆಲಸ ಅಲ್ಲಿಗೇ ಮುಗಿಯಿತು. ಕೇಳಿದವನು ಉತ್ತರಕ್ಕೆ ಕಾಯಬೇಕು. ಕೊಡುವುದೂ ಬಿಡುವುದೂ ನೊಂದವರ ಕೈಯಲ್ಲಿದೆ. ಹಾಗೆ ಕೈಚಾಚಿ ನಿಲ್ಲಲು ನಮ್ಮ ಅಹಂ ಒಪ್ಪುವುದಿಲ್ಲ.

ಪಾಪನಿವೇದನೆಯ ಸಂಸ್ಕಾರಕ್ಕೆ ಬರುವವನಿಂದ ಧರ್ಮಸಭೆ ಮೂರನ್ನು ಬಯಸುತ್ತದೆ: ಪಶ್ಚಾತ್ತಾಪ, ಪಾಪನಿವೇದನೆ, ಪ್ರಾಯಶ್ಚಿತ್ತ. ಮನಸ್ಸು ನೋಯಬೇಕು, ಬಾಯಿ ಒಪ್ಪಿಕೊಳ್ಳಬೇಕು, ಕೈ ಸರಿಪಡಿಸಬೇಕು. ಸುಂಕದ ಜಕ್ಕಾಯ ಬಾಯಿಮಾತಿಗೆ ನಿಲ್ಲಲಿಲ್ಲ. ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. 2000ದ ಮಾರ್ಚ್ 12ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು, ಧರ್ಮಸಭೆಯ ಮಕ್ಕಳು ಹಿಂದೆ ಎಸಗಿದ ಪಾಪಗಳಿಗಾಗಿ ಎಲ್ಲರೆದುರು ದೇವರ ಕ್ಷಮೆ ಬೇಡಿದರು. ಜಗದ್ಗುರುಗಳೇ ತಲೆಬಾಗಿರುವಾಗ, ಅಪ್ಪ ಮಗನ ಮುಂದೆ ಬಾಗಿದರೆ ಗೌರವ ಹೋದೀತೇ?

ಮರುದಿನ ಆ ಅಪ್ಪ ಮಗನನ್ನು ಜೊತೆಗೆ ಕರೆದುಕೊಂಡು ಅದೇ ನೆರೆಯವರ ಬಳಿಗೆ ಹೋಗಿ, "ಹುಡುಗ ಕದ್ದಿರಲಿಲ್ಲ, ತಪ್ಪು ನನ್ನದು" ಎಂದರು. ಮನೆಗೆ ಬಂದು ಮಗನ ಪಕ್ಕ ಕುಳಿತು, "ನನ್ನನ್ನು ಕ್ಷಮಿಸ್ತೀಯೇನೋ?" ಎಂದು ಕೇಳಿದರು. ಹುಡುಗ ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು, ರಾತ್ರಿ ಊಟಕ್ಕೆ ತನ್ನ ತಟ್ಟೆಯನ್ನು ಅಪ್ಪನ ಪಕ್ಕದಲ್ಲಿ ತಂದಿಟ್ಟ. ಅದೇ ಅವನ ಉತ್ತರ.

ಕನ್ನಡದಲ್ಲೂ ಒಂದು 'ಸಾರಿ' ಇದೆ: ಒಂದು ಸಾರಿ, ಎರಡು ಸಾರಿ. ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿಯೇ ಎಂದು ಪೇತ್ರ ಕೇಳಿದಾಗ, ಯೇಸುಸ್ವಾಮಿ ಎಣಿಕೆಯೇ ತಪ್ಪುವಷ್ಟು ದೊಡ್ಡ ಸಂಖ್ಯೆ ಹೇಳಿದರು. ಕೇಳುವವರಿಗೆ ದೀನತೆ ಬೇಕು. ಕೊಡುವವರಿಗೆ ಲೆಕ್ಕ ಬೇಡ.

ಈ ವಾರ ನಿಮ್ಮ ಮನೆಯಲ್ಲಿ ಯಾರ ತಟ್ಟೆ ದೂರ ಸರಿದಿದೆ, ನೋಡಿ. ಇಂದು ರಾತ್ರಿ ಜಪಮಾಲೆಗೆ ಮೊಣಕಾಲೂರುವ ಮೊದಲೇ ಅವರ ಬಳಿಗೆ ಹೋಗಿ ಕೇಳಿ. ಪ್ರಭು ನಿಮ್ಮ ಮನೆಗೆ ಶಾಂತಿಯನ್ನು ದಯಪಾಲಿಸಲಿ.