ಹಸಿ ಸೌದೆಯ ಹೊಗೆ

ಅನುಭವಾಧಾರಿತ ಸಂಶೋಧನೆ, ಅಂದರೆ ನೋಡಿ, ಅಳೆದು, ವಿಚಾರಿಸಿ ಪಡೆದ ಮಾಹಿತಿಯ ಮೇಲೆ ನಿಲ್ಲುವ ಅಧ್ಯಯನ, ಮಹಾಪ್ರಬಂಧ ಬರೆಯುವ ವಿದ್ಯಾರ್ಥಿಗೆ ಹೊಸ ವಿಧಾನವೆನಿಸಿದರೂ, ಯಾವುದನ್ನು ಜ್ಞಾನವೆಂದು ಒಪ್ಪಬೇಕೆಂಬ ಅದರ ಮೂಲಪ್ರಶ್ನೆ ಭಾರತೀಯ ದರ್ಶನಗಳು ಪ್ರಮಾಣಗಳ, ಅಂದರೆ ಜ್ಞಾನ ಪಡೆಯುವ ಸಾಧನಗಳ, ಬಗ್ಗೆ ನಡೆಸಿದ ಚರ್ಚೆಯಷ್ಟೇ ಹಳೆಯದು. ಚಾರ್ವಾಕರು ಪ್ರತ್ಯಕ್ಷವನ್ನಷ್ಟೇ ನೆಚ್ಚಿದರೆ, ನ್ಯಾಯದರ್ಶನದ ನೈಯಾಯಿಕರು ಅನುಮಾನ (ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದು), ಉಪಮಾನ (ಹೋಲಿಕೆ), ಶಬ್ದಗಳನ್ನೂ ಸೇರಿಸಿ ನಾಲ್ಕು ಪ್ರಮಾಣಗಳನ್ನು ಹೇಳಿದರು.

ಉದಾಹರಣೆಗೆ ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯನ್ನೇ ನೋಡಬಹುದು. ಕೆಂಪು ಸಿಪ್ಪೆಯ, ಕೆನೆಬಣ್ಣದ ತಿರುಳಿನ ಈ ಹಣ್ಣಿನ ರುಚಿ ಇಲ್ಲಿನ ಮಣ್ಣಿನದೇ ಎಂದು ಬೆಳೆಗಾರ ಹೇಳಿದರೆ ಅದು ಶಬ್ದ, ಅಂದರೆ ಬಲ್ಲವನ ಮಾತು. ಅದನ್ನೇ ಅನುಮಾನದಿಂದ ಸಾಧಿಸಬೇಕಾದರೆ, ಆ ಮಣ್ಣಿದ್ದಲ್ಲೆಲ್ಲ ಆ ರುಚಿ ಇರುತ್ತದೆಂಬ ನಿಯತ ಸಂಬಂಧ, ಅಂದರೆ ವ್ಯಾಪ್ತಿ, ಬೇಕು. ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ, ಹಸಿ ಸೌದೆ ಸೇರಿದಾಗಲೇ ಹೊಗೆ ಏಳುತ್ತದೆ. ಹೀಗೆ ನಡುವೆ ಅಡಗಿರುವ ಕಾರಣವನ್ನು ನ್ಯಾಯಶಾಸ್ತ್ರ ‘ಉಪಾಧಿ’ ಎಂದಿತು. ನೀರೋ ಗೊಬ್ಬರವೋ ತಳಿಯೋ ಇಲ್ಲಿನ ಹಸಿ ಸೌದೆಯಾಗಿದ್ದರೆ, ಮಣ್ಣನ್ನು ಮಾತ್ರ ಪರೀಕ್ಷಿಸಿದ ಪ್ರಬಂಧ ಬೆಂಕಿಯನ್ನಷ್ಟೇ ಕಂಡಂತೆ.

ಕಲಬುರಗಿ ನಗರದಲ್ಲಿ ಪ್ರಶ್ನೆ ಇನ್ನೂ ಜಟಿಲ. ಶರಣಬಸವೇಶ್ವರರ ಗುಡಿಯಲ್ಲಿಯೋ, 1422ರಲ್ಲಿ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇನವಾಜರ ದರ್ಗಾದಲ್ಲಿಯೋ ಪ್ರಶ್ನಾವಳಿ ಹಿಡಿದು, ಹರಕೆ ಫಲಿಸಿತೇ ಎಂದು ಕೇಳುವ ವಿದ್ಯಾರ್ಥಿಗೆ ‘ಹೌದು’ ಎಂಬ ಉತ್ತರಗಳು ಧಾರಾಳವಾಗಿ ಸಿಕ್ಕಾವು. ಹರಕೆ ಫಲಿಸದವರು ಮತ್ತೆ ಅಲ್ಲಿಗೆ ಬಂದಿರಲಾರರು ಎಂಬುದು ಬೇರೆ ಮಾತು. ಆ ಎಣಿಕೆ ಭಕ್ತರ ನಂಬಿಕೆಗೆ ಪ್ರಮಾಣವಾಗುತ್ತದೆಯೇ ಹೊರತು ನಂಬಿದ ವಸ್ತುವಿಗೆ ಅಲ್ಲ.